ಎರಡು ಬೀಗದ ಸಿಸ್ಟರ್

ಸಿಸ್ಟರ್ ತೀರಿಕೊಂಡ ಸುದ್ದಿ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಂದ ದಿನ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು ಬಿದ್ದವು. 'ಶಾಂತ ಸ್ವಭಾವದವರು' ಎಂದು ಒಬ್ಬರು ಬರೆದರು. 'ಯಾರ ಗೋಜಿಗೂ ಹೋದವರಲ್ಲ' ಎಂದು ಇನ್ನೊಬ್ಬರು. ಎರಡೂ ಸುಳ್ಳು. ಅವರು ಶಾಂತ ಸ್ವಭಾವದವರಾಗಿರಲಿಲ್ಲ. ಎಲ್ಲರ ಗೋಜಿಗೂ ಹೋಗುತ್ತಿದ್ದರು. ಕೊನೆಗೆ ಸಮುದ್ರದಾಚೆಯ ಒಂದು ಸರ್ಕಾರದ ಗೋಜಿಗೂ ಹೋದರು. ಸತ್ತವರನ್ನು ಚಿಕ್ಕವರನ್ನಾಗಿ ಮಾಡಿ ಹೊಗಳುವ ಈ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ನಮ್ಮ ಸಂಘದ ಸಂಚಿಕೆಗೆ ಅವರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಕೇಳಿದರು. ಅರ್ಧ ಪುಟದಲ್ಲಿ ಆಗುವುದಿಲ್ಲ ಎಂದೆ. ಉದ್ದವಾಯಿತೆಂದು ಕತ್ತರಿಸುವುದಾದರೆ ಪೂರ್ತಿ ಬಿಟ್ಟುಬಿಡಿ, ನನಗೆ ಬೇಸರವಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರಿಗೆ ತಮ್ಮ ಹೆಸರು ಬೇಕಾಗಿದ್ದದ್ದು ಒಂದೇ ಕಡೆ. ಅಲ್ಲಿ ಅದು ಬರದಂತೆ ಮಾಡಿದವನು ನಾನು. ಹಾಗಾಗಿ ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಉಡುಪಿಯಲ್ಲಿ ಟೈಪಿಂಗ್ ಕಲಿತು, ಬಹರೈನಿಗೆ ಬಂದವನು. ಇಲ್ಲಿನ ಹೂರಾ ಬಡಾವಣೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಜನರಿಗೆ ಫಾರ್ಮು ತುಂಬಿಸಿಕೊಡುವುದು ನನ್ನ ಕೆಲಸ. ವೀಸಾ, ಸಿಪಿಆರ್ ಎಂಬ ಗುರುತಿನ ಕಾರ್ಡು, ಹೆಂಡತಿಯನ್ನು ಕರೆಸಿಕೊಳ್ಳುವುದು, ರದ್ದು ಮಾಡಿ ಊರಿಗೆ ಹೋಗುವುದು, ಎಲ್ಲದಕ್ಕೂ ಫಾರ್ಮು. ಮೂವತ್ತೆಂಟು ವರ್ಷದಲ್ಲಿ ನಾನು ಕಲಿತದ್ದು ಇಷ್ಟೆ: ಕೇಳಿದ್ದಕ್ಕೆ ಉತ್ತರ ಬರೆ, ಕೇಳದ್ದನ್ನು ಬರೆಯಬೇಡ, ಬೇರೆಯವರ ಕಾಗದದಲ್ಲಿ ನಿನ್ನ ಹೆಸರು ಬರದ ಹಾಗೆ ನೋಡಿಕೋ. ಇದನ್ನು ನಾನು ಜಾಣತನ ಎಂದುಕೊಂಡಿದ್ದೆ.

ಸಿಸ್ಟರ್, ಗುಫೂಲ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನರು, ಮದುವೆಯಾಗಿರಲಿಲ್ಲ, ಒಂದು ಆಸ್ಪತ್ರೆಯಲ್ಲಿ ನರ್ಸ್. ನನಗಿಂತ ಏಳೆಂಟು ವರ್ಷ ಚಿಕ್ಕವರು. ಕುಳ್ಳು ದೇಹ, ದಪ್ಪ ಕನ್ನಡಕ. ತಲೆಯ ಗಂಟಿನಲ್ಲಿ ಯಾವಾಗಲೂ ಒಂದು ಪೆನ್ನು ಸಿಕ್ಕಿಸಿರುತ್ತಿತ್ತು. ಅದನ್ನು ಮರೆತು ಹಾಗೆಯೇ ಇಲ್ಲಿನ ರಜಾದಿನವಾದ ಶುಕ್ರವಾರ ಇಗರ್ಜಿಯ ಪೂಜೆಗೂ ಹೋಗಿಬರುತ್ತಿದ್ದರು.

ಒಂದು ಬೇಸಗೆಯಲ್ಲಿ ಲಿಫ್ಟು ಕೆಟ್ಟು ಹತ್ತು ದಿನವಾದರೂ ಮಾಲೀಕರು ರಿಪೇರಿ ಮಾಡಿಸಲಿಲ್ಲ. ನಾಲ್ಕನೇ ಮಹಡಿಯಲ್ಲಿ ಒಬ್ಬಳು ತುಂಬು ಗರ್ಭಿಣಿ. ಸಿಸ್ಟರ್ ಒಂದು ದೂರು ಬರೆದು, ಸಹಿ ಹಾಕಿಸಿಕೊಳ್ಳಲು ಬಾಗಿಲು ಬಾಗಿಲಿಗೆ ಬಂದರು. ನಾನು ಕಾಗದ ನೋಡಿ ಗಂಟಲು ಸರಿಮಾಡಿಕೊಂಡೆ.

"ಸಿಸ್ಟರ್, ನನ್ನ ಪೆನ್ನು ಬರೆಯುದಿಲ್ಲ ಮಾರಾಯ್ರೆ."

"ನನ್ನದು ಬರೀತದೆ," ಎಂದು ತಲೆಯಿಂದ ಪೆನ್ನು ಎಳೆದು ಮುಂದೆ ಹಿಡಿದರು.

"ಅಲ್ಲ, ಮನೆಯವಳ ಹತ್ರ ಒಂದು ಮಾತು ಕೇಳಿ..."

ಅಡುಗೆಮನೆಯಿಂದ ನನ್ನ ಹೆಂಡತಿಯ ಸ್ವರ ಬಂತು. "ಕೊಡಿ ಸಿಸ್ಟರ್ ಇಲ್ಲಿ, ನಾನು ಹಾಕ್ತೇನೆ. ಅವರು ಸಹಿ ಮಾಡುದು ಸಂಬಳಕ್ಕೆ ಮಾತ್ರ."

ಎರಡು ದಿನದಲ್ಲಿ ಲಿಫ್ಟು ಸರಿಯಾಯಿತು. ಸಹಿ ಹಾಕಿದ ಯಾರಿಗೂ ಏನೂ ಆಗಲಿಲ್ಲ. ನಾನು ಆ ಲಿಫ್ಟಿನಲ್ಲಿ ಈಗಲೂ ಹತ್ತಿ ಇಳಿಯುತ್ತೇನೆ.

ಅವರ ವಾರ್ಡಿನ ನೋವಿನ ಮದ್ದಿನ ಬೀರುವಿಗೆ ಎರಡು ಬೀಗ. ಹೊರಗಿನ ಬಾಗಿಲಿಗೆ ಒಂದು, ಒಳಗಿನ ಪೆಟ್ಟಿಗೆಗೆ ಇನ್ನೊಂದು. ಮಾರ್ಫಿನಿನಂಥ ಚುಚ್ಚುಮದ್ದುಗಳು ಅದರೊಳಗೆ. ಬೀಗದ ಕೈ ಸಿಸ್ಟರ್ ಬಳಿ, ಸಮವಸ್ತ್ರದ ಒಳಬದಿಗೆ ಪಿನ್ನು ಹಾಕಿ ಸಿಕ್ಕಿಸಿದ್ದು. ಮದ್ದಿನ ಒಂದು ಗಾಜಿನ ಆಂಪೂಲ್ ತೆಗೆದರೆ ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಪಾಳಿ ಬದಲಾಗುವಾಗ ಎಣಿಕೆ. ಎಣಿಕೆ ಸರಿಬರದೆ ಒಬ್ಬರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ಒಬ್ಬ ದೊಡ್ಡ ಡಾಕ್ಟರು ಅವಸರದಲ್ಲಿ ಬಂದು, "ಮೊದಲು ಇಂಜೆಕ್ಷನ್ ಕೊಡು, ಸಹಿ ಆಮೇಲೆ" ಎಂದು ಗದರಿಸಿದರಂತೆ. ಇವರು ಬೀರುವಿಗೆ ಬೆನ್ನು ಕೊಟ್ಟು ನಿಂತು, "ಮೊದಲು ಸಹಿ ಡಾಕ್ಟರ್, ಬೈಯುದು ಆಮೇಲೆ" ಎಂದರಂತೆ. ಡಾಕ್ಟರು ಎರಡನ್ನೂ ಅದೇ ಕ್ರಮದಲ್ಲಿ ಮಾಡಿದರು ಎಂದು ನಗುತ್ತಾ ಹೇಳುತ್ತಿದ್ದರು.

ಅವರಿಗೆ ಇದ್ದದ್ದು ಒಬ್ಬನೇ ತಮ್ಮ. ತಾಯಿ ಹೋದಾಗ ಅವನಿಗೆ ಆರು ವರ್ಷ, ಇವರಿಗೆ ಹದಿನೇಳು. ಸಾಕಿದ್ದು, ಓದಿಸಿದ್ದು, ಮದುವೆ ಮಾಡಿಸಿದ್ದು ಎಲ್ಲಾ ಇವರೇ. ಅವನು ಹೆಂಡತಿಯ ಕಡೆಯವರ ಜೊತೆ ಅಮೆರಿಕದ ನಡುಭಾಗದ ಒಂದು ರಾಜ್ಯಕ್ಕೆ ಹೋಗಿ, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೌಂಟರಿಗೆ ನಿಂತಿದ್ದ. ಒಂದು ಮಧ್ಯಾಹ್ನ ಹದಿನೇಳು ವರ್ಷದವನೊಬ್ಬ ಒಳಗೆ ಬಂದು ಗಲ್ಲಾಪೆಟ್ಟಿಗೆ ಬಿಚ್ಚು ಎಂದ. ಇವನು ಬಿಚ್ಚಿದ. ಆದರೂ ಗುಂಡು ಹಾರಿತು. ಆ ಪಿಸ್ತೂಲು ಪಕ್ಕದ ಬೀದಿಯಲ್ಲಿ ನಿಲ್ಲಿಸಿದ್ದ ಒಂದು ಪಿಕಪ್ ಗಾಡಿಯಿಂದ ಕದ್ದದ್ದು. ಗಾಡಿಗೆ ಬೀಗ ಹಾಕಿರಲಿಲ್ಲ, ಪಿಸ್ತೂಲು ಸೀಟಿನ ಮೇಲೇ ಇತ್ತು.

ಸಿಸ್ಟರಿಗೆ ವೀಸಾ ಸಮಯಕ್ಕೆ ಸಿಗಲಿಲ್ಲ. ಅವನನ್ನು ಅಲ್ಲೇ ಮಣ್ಣು ಮಾಡಿದರು. ಇವರು ಮೂರು ದಿನ ಬಾಗಿಲು ಹಾಕಿಕೊಂಡಿದ್ದು, ನಾಲ್ಕನೇ ದಿನ ಡ್ಯೂಟಿಗೆ ಹೋದರು. ಅಳುವುದನ್ನು ನಾನು ನೋಡಲಿಲ್ಲ. ಅವರ ಸಿಟ್ಟನ್ನು ಮಾತ್ರ ನೋಡಿದೆ. ಗಾಡಿಯ ಮಾಲೀಕ ಪೊಲೀಸರಿಗೆ 'ನನ್ನ ಪಿಸ್ತೂಲು ಕಳುವಾಗಿದೆ' ಎಂದು ದೂರು ಕೊಟ್ಟಿದ್ದನಂತೆ. ಕಾನೂನಿನ ಪ್ರಕಾರ ಅವನದು ಏನೂ ತಪ್ಪಿಲ್ಲ.

"ಅವನೂ ದೂರುದಾರನಂತೆ ಅಣ್ಣಾ," ಎಂದರು. "ನನ್ನ ತಮ್ಮ ಒಂದು ಕಡೆ, ಅವನು ಒಂದು ಕಡೆ. ಇಬ್ಬರಿಗೂ ನಷ್ಟ ಆದದ್ದಂತೆ!"

ಮರುವರ್ಷ ತಮ್ಮನ ಹೆಂಡತಿ ಒಂದು ಲಿಂಕು ಕಳಿಸಿದಳು. ಆ ರಾಜ್ಯದ ಶಾಸನಸಭೆಯಲ್ಲಿ ಒಂದು ಮಸೂದೆ ಬಂದಿತ್ತು. ಗಾಡಿಯಲ್ಲಿ ಪಿಸ್ತೂಲು ಬಿಟ್ಟುಹೋಗುವವರು ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ಇಡದೆ ಕಳುವಾಗಿ ಅದರಿಂದ ಯಾರಾದರೂ ಸತ್ತರೆ ಮಾಲೀಕನೂ ಉತ್ತರ ಹೇಳಬೇಕು. ಅಷ್ಟೆ. ಪಿಸ್ತೂಲು ಇಟ್ಟುಕೊಳ್ಳಬೇಡಿ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಸಿಸ್ಟರ್ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ನೀವು ಫಾರ್ಮಿನ ಜನ. ಇದು ಎಲ್ಲಿಂದ ಎಲ್ಲಿಗೆ ಹೋಗ್ತದೆ, ಎಲ್ಲಿ ಸಿಕ್ಕಿ ಬೀಳ್ತದೆ, ಓದಿ ಹೇಳಿ."

ಓದಿದೆ. ವೀಸಾ ಅರ್ಜಿಗಿಂತ ಕಷ್ಟದ ದಾರಿ. ಮಸೂದೆಗೆ ಒಂದು ನಂಬರು ಬೀಳುತ್ತದೆ. ನಂಬರು ಬಿದ್ದ ಮೇಲೆ ಅದು ಸಭೆಗೆ ಹೋಗುವುದಿಲ್ಲ, ಒಂದು ಸಮಿತಿಗೆ ಹೋಗುತ್ತದೆ. ಸಮಿತಿಯ ಅಧ್ಯಕ್ಷರು ಅದನ್ನು ಕರೆದರೆ ವಿಚಾರಣೆ. ಕರೆಯದಿದ್ದರೆ ಅದು ಅಲ್ಲೇ ಕೂತಿರುತ್ತದೆ. ವಿಚಾರಣೆಯಲ್ಲಿ ಜನ ಬಂದು ಮಾತಾಡಬಹುದು, ಬರೆದು ಕಳಿಸಬಹುದು. ಆಮೇಲೆ ತಿದ್ದುಪಡಿ, ಆಮೇಲೆ ಮತ. ಅಲ್ಲಿ ಗೆದ್ದರೆ ಪೂರ್ತಿ ಸಭೆ, ಅಲ್ಲಿಂದ ಮೇಲ್ಮನೆ, ಅಲ್ಲಿ ಮತ್ತೊಂದು ಸಮಿತಿ.

"ಒಟ್ಟು ಎಷ್ಟು ಬಾಗಿಲು?" ಎಂದು ಕೇಳಿದರು.

"ಆರೋ ಏಳೋ."

"ಹಾಗಾದರೆ ಮೊದಲನೆಯದ್ರಲ್ಲಿ ನಿಲ್ಲುವ."

ಸಮಿತಿಯ ಸಭೆಗಳನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಅಲ್ಲಿ ಬೆಳಿಗ್ಗೆ ಶುರುವಾದರೆ ನಮಗೆ ಸಂಜೆ. ಆ ಚಳಿಗಾಲವಿಡೀ ವಾರಕ್ಕೆ ಎರಡು ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಮೆರಿಕದ ಸಮಿತಿ ಕೂರುತ್ತಿತ್ತು. ನನ್ನ ಹೆಂಡತಿ ಚಹಾ ಮಾಡುತ್ತಿದ್ದಳು, ಕೆಳಗಿನ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯಿಂದ ಬಿಸ್ಕತ್ತು ಬರುತ್ತಿತ್ತು. ಸದಸ್ಯರಿಗೆಲ್ಲ ಸಿಸ್ಟರ್ ಹೆಸರಿಟ್ಟಿದ್ದರು. ಪದೇ ಪದೇ ಟೈ ಮುಟ್ಟಿಕೊಳ್ಳುವವರು 'ಮದುಮಗ'. ಯಾರು ಮಾತಾಡಿದರೂ ತಲೆಯಾಡಿಸುವ ಹೆಂಗಸು 'ಆಯ್ತಮ್ಮ'. ಒಂದು ನೀಲಿ ಫೈಲು ತಂದು ಕೊನೆಯವರೆಗೂ ಬಿಚ್ಚದೆ ಇಟ್ಟುಕೊಳ್ಳುವ ಮುದುಕ 'ನೀಲಿ ಫೈಲು'.

"ನೋಡಿ ನೋಡಿ, ಇವತ್ತಾದರೂ ಬಿಚ್ಚುತ್ತಾರಾ ಅಂತ," ಎನ್ನುತ್ತಿದ್ದರು.

"ಒಳಗೆ ಬುತ್ತಿ ಇದ್ದೀತು ಸಿಸ್ಟರ್," ಎನ್ನುತ್ತಿದ್ದಳು ನನ್ನ ಹೆಂಡತಿ.

ರಸ್ತೆ, ದನದ ರೋಗ, ಶಾಲೆಯ ಬಸ್ಸು, ಎಲ್ಲದರ ಮಸೂದೆ ಬಂತು. ನಮ್ಮದು ಬರಲಿಲ್ಲ. ಅಧ್ಯಕ್ಷರು ಅದನ್ನು ಕರೆಯಲೇ ಇಲ್ಲ. ವಸಂತಕ್ಕೆ ಅಧಿವೇಶನ ಮುಗಿಯಿತು, ಮಸೂದೆಯೂ ಮುಗಿಯಿತು. ಯಾರೂ ಬೇಡ ಎಂದಿರಲಿಲ್ಲ. ಯಾರೂ ಕೈ ಎತ್ತಿರಲಿಲ್ಲ. ಸಿಸ್ಟರ್ ಲ್ಯಾಪ್‌ಟಾಪ್ ಮುಚ್ಚುತ್ತಾ ಹೇಳಿದರು: "ಇದಕ್ಕೆ ನಮ್ಮಲ್ಲಿ ಒಂದು ಹೆಸರುಂಟು ಅಣ್ಣ. ರೋಗಿ ಬೆಲ್ಲು ಒತ್ತಿದಾಗ ಕೇಳಿಸದ ಹಾಗೆ ಇರುದು. ಅದಕ್ಕೆ ಮೆಮೋ ಕೊಡ್ತಾರೆ."

ಮರುವರ್ಷ ಅದು ಬೇರೆ ನಂಬರಿನಲ್ಲಿ ಮತ್ತೆ ಬಂತು. ಈ ಸಲ ವಿಚಾರಣೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಸಂಜೆಯೊಳಗೆ ಯಾರು ಬೇಕಾದರೂ ಹೇಳಿಕೆ ಬರೆದು ಕಳಿಸಬಹುದು, ಯಾವ ಊರಿನವರಾದರೂ ಸರಿ. ಸಿಸ್ಟರ್ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಕುಳಿತರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುವುದು ಎಂದಾಯಿತು. ನಾನು ಅಭ್ಯಾಸಬಲದಿಂದ 'ಅತ್ಯಂತ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರು ಮಾಡಿದೆ.

"ಬೇಡಿಕೊಳ್ಳುದು ಎಂತಕ್ಕೆ?" ಎಂದರು. "ನಾನೇನು ಭಿಕ್ಷೆಗೆ ಹೋದದ್ದಾ? ಅಳಿಸಿ ಅದನ್ನು."

ಅಳಿಸಿದೆ. ಅವರು ಹೇಳಿದ್ದು ಇಷ್ಟು. ನನಗೆ ಬಾಯಿಪಾಠ ಬರುತ್ತದೆ, ಯಾಕೆ ಬರುತ್ತದೆ ಎಂದು ಮುಂದೆ ತಿಳಿಯುತ್ತದೆ.

'ನಾನು ನರ್ಸ್. ನನ್ನ ವಾರ್ಡಿನ ನೋವಿನ ಮದ್ದಿನ ಬೀಗದ ಕೈ ಮೂವತ್ತೊಂದು ವರ್ಷದಿಂದ ನನ್ನ ಹತ್ತಿರ ಇದೆ. ಬೀರುವಿಗೆ ಒಂದು ಬೀಗ, ಒಳಗಿನ ಪೆಟ್ಟಿಗೆಗೆ ಒಂದು ಬೀಗ. ಆ ಮದ್ದು ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಎಷ್ಟೋ ಜನ ಕೂಗಿ ಕೂಗಿ ಸಾಯುತ್ತಿದ್ದರು. ಅದನ್ನು ಇಟ್ಟುಕೊಳ್ಳಬೇಡ ಎಂದು ನನಗೆ ಯಾರೂ ಹೇಳಿಲ್ಲ. ಬೀಗ ಹಾಕು ಎಂದಿದ್ದಾರೆ. ನಾನು ಬೀಗ ಹಾಕದೆ ಹೋಗಿ, ಯಾರಾದರೂ ಅದನ್ನು ಕದ್ದು, ಅದರಿಂದ ಒಬ್ಬರು ಸತ್ತರೆ, ನನ್ನನ್ನು ಯಾರೂ ದೂರುದಾರಳು ಎಂದು ಕರೆಯುವುದಿಲ್ಲ. ನನ್ನ ತಮ್ಮ ನಿಮ್ಮ ರಾಜ್ಯದಲ್ಲಿ ಅಂಗಡಿಯ ಕೌಂಟರಿನ ಹಿಂದೆ ಸತ್ತ. ನಿಮ್ಮ ಕೋವಿಯನ್ನು ನಾನು ಕೇಳುತ್ತಿಲ್ಲ. ಬೀಗ ಹಾಕಿ ಎನ್ನುತ್ತಿದ್ದೇನೆ.'

ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ರಾತ್ರಿಯೂ ಡ್ಯೂಟಿ ಇತ್ತು, ಯಾರದೋ ಬದಲಿಗೆ. "ಉಳಿದದ್ದು ನೀವು ತುಂಬಿಸಿ ಕಳಿಸಿಬಿಡಿ ಅಣ್ಣ. ಹೆಸರು ಪೂರ್ತಿ ಹಾಕಿ. ನಾಳೆ ಓದ್ತಾರಲ್ಲ," ಎಂದು ಹೋದರು.

ಉಳಿದದ್ದು ಎಂದರೆ ಹೆಸರು, ಫ್ಲ್ಯಾಟು, ಕಟ್ಟಡ, ರಸ್ತೆ, ಬ್ಲಾಕು, ದೇಶ. ಕಳಿಸುತ್ತಿರುವವರ ಇಮೇಲ್. ಸಿಸ್ಟರಿಗೆ ಇಮೇಲ್ ನೋಡುವ ಅಭ್ಯಾಸ ಇರಲಿಲ್ಲ, ಹಾಗಾಗಿ ನನ್ನದು. ಎಲ್ಲವನ್ನೂ ತುಂಬಿದೆ. ಕೊನೆಯಲ್ಲಿ ಒಂದು ನೀಲಿ ಬಟನ್. ಅದರ ಮುಂದೆ ನಾನು ಅರ್ಧ ಗಂಟೆ ಕುಳಿತೆ.

ಇಲ್ಲಿ ಇರಲಿಕ್ಕೆ ಬೇಕಾದ ನನ್ನ ರೆಸಿಡೆನ್ಸಿ ಪರವಾನಗಿ ಆಗ ವರ್ಷಕ್ಕೊಮ್ಮೆ ನವೀಕರಣ ಆಗುತ್ತಿತ್ತು. ವಯಸ್ಸಾಗಿತ್ತು, ಅಂಗಡಿಯವರ ದಯೆಯಿಂದ ನಡೆಯುತ್ತಿತ್ತು. ಒಂದು ಸರ್ಕಾರಕ್ಕೆ, ಅದೂ ಕೋವಿಯ ವಿಷಯದಲ್ಲಿ, ಬಹರೈನಿನ ವಿಳಾಸದಿಂದ ನನ್ನ ಇಮೇಲ್ ಹೋಗುವುದು ಬೇಡ ಎನಿಸಿತು. ಯಾರಾದರೂ ನನ್ನನ್ನು ಹೆದರಿಸಿದ್ದರೇ? ಇಲ್ಲ. ಇಂಥದ್ದು ಮಾಡಿ ಯಾರಿಗಾದರೂ ತೊಂದರೆ ಆದದ್ದನ್ನು ನೋಡಿದ್ದೆನೇ? ಇಲ್ಲ. ಆ ಹೆದರಿಕೆ ಯಾರೂ ಕೊಟ್ಟದ್ದಲ್ಲ, ನಾನೇ ಅನ್ನ ಹಾಕಿ ಸಾಕಿದ್ದು. ಹೇಳಿಕೆಯನ್ನು ಕಳಿಸದೆ ಕಂಪ್ಯೂಟರಿನಲ್ಲೇ ಉಳಿಸಿ, ಆ ಪುಟ ಮುಚ್ಚಿದೆ.

ಮರುದಿನ ಸಂಜೆ ಸಿಸ್ಟರ್ ನಿದ್ದೆಯಿಲ್ಲದ ಕಣ್ಣಲ್ಲಿ ಬಂದರು. "ಹೋಯ್ತಾ ಅಣ್ಣ?" ಎಂದು ಕೇಳಿದರು.

"ಹೋಯ್ತು," ಎಂದೆ.

ಅವರು ಶಿಲುಬೆಯ ಗುರುತು ಮಾಡಿಕೊಂಡು ಕುಳಿತರು. ಆ ದಿನ ಪರವಾಗಿ ಇಬ್ಬರು, ವಿರೋಧವಾಗಿ ಐದಾರು ಮಂದಿ ಮಾತಾಡಿದರು. ವಿರೋಧದವರಲ್ಲಿ ಒಬ್ಬರು, ಕಳ್ಳ ಬಂದಾಗ ಪೆಟ್ಟಿಗೆಯ ಬೀಗ ತೆಗೆಯುತ್ತಾ ಕೂರಲಾಗುತ್ತದೆಯೇ ಎಂದು ಕೇಳಿದಾಗ, "ಕೇಳು ನನ್ನ ಹತ್ರ, ಹೇಳ್ತೇನೆ!" ಎಂದು ಸಿಸ್ಟರ್ ಪರದೆಗೆ ಬೆರಳು ಚುಚ್ಚಿದರು. ಆಮೇಲೆ ಗುಮಾಸ್ತೆಯೊಬ್ಬಳು ಬರೆದು ಕಳಿಸಿದವರ ಹೆಸರುಗಳನ್ನು ಓದಿದಳು. ಒಂದೊಂದು ಹೆಸರಿಗೂ ಸಿಸ್ಟರ್ ಮುಂದಕ್ಕೆ ಬಗ್ಗುತ್ತಿದ್ದರು. ಪಟ್ಟಿ ಮುಗಿಯಿತು.

"ನನ್ನದು ಓದಲಿಲ್ಲ."

"ಹೊರದೇಶದ್ದು ಓದುದಿಲ್ಲವೋ ಏನೋ," ಎಂದೆ. ಎರಡನೇ ಸುಳ್ಳಿಗೆ ಮೊದಲನೆಯದರಷ್ಟು ಕಷ್ಟವಾಗಲಿಲ್ಲ.

ಮತ ಹಾಕಿದರು. ಮಸೂದೆ ಒಂದೇ ಒಂದು ಮತದಿಂದ ಬಿದ್ದಿತು. ನೀಲಿ ಫೈಲು 'ಬೇಡ' ಎಂದದ್ದು ಕೊನೆಯ ಮತ.

ನಾನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ಸಿಸ್ಟರ್ ಬಿಡುವವರಲ್ಲ. ನಾಲ್ಕು ದಿನ ಯೋಚಿಸಿ, ಐದನೇ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತು ಆ ಸಮಿತಿಯ ಕಚೇರಿಗೇ ಫೋನು ಮಾಡಿದರು. ಹೊರದೇಶದವರದ್ದು ಓದುವುದಿಲ್ಲ ಎಂದು ಎಲ್ಲಿ ಬರೆದಿದೆ, ನನಗೆ ತೋರಿಸಿ ಎಂದು ಕೇಳಿದರು. ಆ ಹೆಣ್ಣುಮಗಳು ಹುಡುಕಿ ನೋಡಿ, ಹಾಗೇನೂ ನಿಯಮವಿಲ್ಲ, ನಿಮ್ಮಿಂದ ಏನೂ ಬಂದೇ ಇಲ್ಲ ಎಂದಳಂತೆ.

ಅವತ್ತು ಬಾಗಿಲು ತೆರೆದಾಗ ಅವರ ಮುಖ ನೋಡಿಯೇ ನನಗೆ ತಿಳಿಯಿತು.

"ಬರಲೇ ಇಲ್ವಂತೆ."

ನಾನು ಇಂಟರ್ನೆಟ್ಟು ಸರಿ ಇರಲಿಲ್ಲ ಎಂದೆ. ಬಟನ್ ಒತ್ತಿದ್ದೆ, ಆದರೆ ಎಂದೆ. ಕೊನೆಗೆ, "ನಾನೇ ಕಳಿಸಲಿಲ್ಲ ಸಿಸ್ಟರ್. ಹೆದರಿದೆ," ಎಂದೆ.

ಅವರು ಕೂಗಾಡಲಿಲ್ಲ. ತಲೆಯಿಂದ ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ನಮ್ಮಲ್ಲಿ ಮದ್ದು ತಪ್ಪಿದರೆ, ತಪ್ಪಿಸಿದವರೇ ಬರೀಬೇಕು. ಏನು ಮಾಡಿದೆ, ಎಷ್ಟು ಗಂಟೆಗೆ ಮಾಡಿದೆ. ಯಾಕೆ ಅಂತ ಬೇಡ, ಯಾಕೆ ಅನ್ನುದು ಎಲ್ಲರ ಹತ್ರವೂ ಉಂಟು. ಬರೆದು ಸಹಿ ಹಾಕಿದರೆ ಮುಗೀತು, ಮಾರನೇ ದಿನ ಒಟ್ಟಿಗೇ ಚಹಾ ಕುಡಿತೇವೆ. ಬರೀರಿ."

ನಾನು ಬರೆಯಲಿಲ್ಲ. ಈ ಮುದುಕನಿಂದ ತಪ್ಪೊಪ್ಪಿಗೆ ಬರೆಸುವುದಕ್ಕೆ ಇವರು ಯಾರು ಎಂದು ನನಗೆ ಸಿಟ್ಟು ಬಂತು. ಮಾಡಿದ ತಪ್ಪಿಗಿಂತ ಇದನ್ನು ನೆನೆದರೆ ಇವತ್ತು ಹೆಚ್ಚು ನಾಚಿಕೆಯಾಗುತ್ತದೆ. ಅವರು ಸ್ವಲ್ಪ ಹೊತ್ತು ಕಾದು, ಪೆನ್ನು ತೆಗೆದುಕೊಂಡು ಹೋದರು. ಬರೆದಿದ್ದರೆ ಹೀಗೆ ಬರೆಯಬೇಕಿತ್ತು: ವಿಚಾರಣೆಯ ಹಿಂದಿನ ಸಂಜೆ ಐದೂವರೆಗೆ, ನನ್ನನ್ನು ನಂಬಿ ಕೊಟ್ಟ ಒಂದು ಹೇಳಿಕೆಯನ್ನು ನಾನು ಕಳಿಸಲಿಲ್ಲ, ಮರುದಿನ ಕಳಿಸಿದೆ ಎಂದು ಹೇಳಿದೆ.

ನನ್ನ ಹೆಂಡತಿ ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು. ಊಟಕ್ಕೆ ಬಡಿಸುತ್ತಾ ಹೇಳಿದಳು: "ನಿಮ್ಮ ಹೆದರಿಕೆಗೂ ಒಂದು ವೀಸಾ ಮಾಡಿಸಿ. ಅದೂ ನಮ್ಮ ಒಟ್ಟಿಗೇ ಈ ಮನೆಯಲ್ಲಿ ಇರುದಲ್ವಾ."

ಸಿಸ್ಟರ್ ಬೇರೆ ದಾರಿ ಹಿಡಿದರು. ಆ ಸಮಿತಿಯ ಪ್ರತಿಯೊಬ್ಬ ಸದಸ್ಯರಿಗೂ ಕೈಬರಹದಲ್ಲಿ ಒಂದೊಂದು ಪತ್ರ. ನನ್ನ ಇಂಗ್ಲಿಷಿನಲ್ಲಿ ಅಲ್ಲ, ತಮ್ಮದೇ ಇಂಗ್ಲಿಷಿನಲ್ಲಿ, ವಾರ್ಡಿನ ರಿಪೋರ್ಟು ಬರೆಯುವ ಹಾಗೆ. ಕಂಪ್ಯೂಟರಿನಲ್ಲಿ ಬಂದದ್ದನ್ನು ಒಂದು ಬೆರಳಲ್ಲಿ ಅಳಿಸುತ್ತಾರೆ, ಕಾಗದವನ್ನು ಹರಿಯಲಿಕ್ಕೆ ಎರಡು ಕೈ ಬೇಕಲ್ಲ ಎಂದು ನನ್ನ ಹೆಂಡತಿಯ ಬಳಿ ಹೇಳಿದರಂತೆ. ಮತ ಆಗಿಹೋಗಿತ್ತು, ಪತ್ರಕ್ಕೆ ಯಾವ ಬೆಲೆಯೂ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಆದರೂ ಅಷ್ಟೂ ಪತ್ರಗಳನ್ನು ಬರೆದು ಮನಾಮದ ಅಂಚೆ ಕಚೇರಿಗೆ ಹೋಗಿ ಹಾಕಿಬಂದರು.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯ ಪೋಸ್ಟ್ ಬಾಕ್ಸಿಗೆ ಒಂದೇ ಒಂದು ಉತ್ತರ ಬಂತು. ಬರೆದವರು ನೀಲಿ ಫೈಲು. ಸಿಸ್ಟರ್ ಕೆಳಗೆ ಬಂದು, ನಾನು ಕೂತಿದ್ದ ಕುರ್ಚಿಯ ಎದುರು ನಿಂತು ಓದಿದರು. 'ಇದನ್ನು ಮೊದಲೇ ಓದಿದ್ದರೆ ನನ್ನ ಮತ ಬದಲಾಗುತ್ತಿತ್ತು ಎಂದು ಹೇಳಲಾರೆ. ಆದರೆ ನಿಮ್ಮ ಬೀರುವಿನ ಬಗ್ಗೆ ಒಂದು ಪ್ರಶ್ನೆ ಕೇಳುತ್ತಿದ್ದೆ.'

"ಪ್ರಶ್ನೆ ಕೇಳ್ತಿದ್ದರಂತೆ ಅಣ್ಣಾ," ಎಂದರು. ಅಷ್ಟೆ. ಕಾಗದ ಮಡಚಿ ಹೋದರು.

ಆ ಬೇಸಗೆಯಲ್ಲಿ ಅವರಿಗೆ ನಿವೃತ್ತಿಯಾಯಿತು. ನಾನೇ ಅವರ ವೀಸಾ ರದ್ದತಿಯ ಫಾರ್ಮು ತುಂಬಿದೆ. ಬೇರೆ ಕಡೆ ಹೋಗಬಹುದಿತ್ತು, ನನ್ನ ಬಳಿಯೇ ಬಂದರು. ಒಂದೊಂದು ಸಾಲನ್ನೂ ಕನ್ನಡಕ ಏರಿಸಿ ಓದಿ, ಕಳಿಸುವ ಬಟನ್ನನ್ನು ತಾವೇ ಒತ್ತಿದರು. "ಇದು ನಾನು ಒತ್ತುತ್ತೇನೆ," ಎಂದರು. ನಕ್ಕರೋ ಇಲ್ಲವೋ ನಾನು ತಲೆ ಎತ್ತಿ ನೋಡಲಿಲ್ಲ. ಊರಿಗೆ ಹೋದ ಕೆಲವು ತಿಂಗಳಲ್ಲಿ ಹೊಟ್ಟೆಯ ಕಾಯಿಲೆ ಬಂತು, ಅದು ಅವರನ್ನು ತೆಗೆದುಕೊಂಡು ಹೋಯಿತು.

ಇಲ್ಲಿಗೆ ವ್ಯಕ್ತಿಯ ಕಥೆ ಮುಗಿಯಬೇಕು. ಆದರೆ ಮಸೂದೆ ಮುಗಿಯಲಿಲ್ಲ. ಈ ಚಳಿಗಾಲ ಅದು ಮೂರನೇ ಸಲ, ಮೂರನೇ ನಂಬರಿನಲ್ಲಿ, ಅದೇ ಸಮಿತಿಗೆ ಬಂತು. ಪ್ರತಿ ವಾರ ಆ ಪುಟವನ್ನು ತೆಗೆದು ನೋಡುವುದು ನನಗೆ ಅಭ್ಯಾಸವಾಗಿತ್ತು, ಹಾಗಾಗಿ ಮೊದಲ ದಿನವೇ ಗೊತ್ತಾಯಿತು. ವಿಚಾರಣೆಗೆ ದಿನ ಇಟ್ಟರು. ಹೇಳಿಕೆ ಬರೆದು ಕಳಿಸಬಹುದು, ಅಥವಾ ವಿಡಿಯೋದಲ್ಲಿ ಎರಡು ನಿಮಿಷ ಮಾತಾಡಬಹುದು. ನಾನು ಮಾತಾಡುತ್ತೇನೆ ಎಂದು ನನ್ನ ಹೆಸರು, ನನ್ನ ವಿಳಾಸ, ನನ್ನ ಇಮೇಲ್ ಹಾಕಿ ಕಳಿಸಿದೆ. ನನ್ನ ರೆಸಿಡೆನ್ಸಿ ಇನ್ನೂ ವರ್ಷಕ್ಕೊಮ್ಮೆಯೇ ಆಗುತ್ತದೆ. ಆಗದಿದ್ದರೆ ಊರಿಗೆ ಹೋಗುತ್ತೇನೆ, ಊರು ಇರುವುದು ಅದಕ್ಕೇ.

ಆ ಸಂಜೆ ಪಕ್ಕದ ಮಸೀದಿಯ ಬಾಂಗ್ ಮುಗಿಯುವ ಹೊತ್ತಿಗೆ ನನ್ನ ಹೆಸರು ಕರೆದರು. ತಪ್ಪಾಗಿ ಕರೆದರು, ಸರಿಯಾಗಿ ಹೇಳಿ ತಿದ್ದಿದೆ. ಮೊದಲು ಸಿಸ್ಟರಿನ ಹೆಸರು ಹೇಳಿದೆ, ಪೂರ್ತಿಯಾಗಿ. ಇವು ಅವರ ಮಾತುಗಳು, ಅವರು ಈಗ ಇಲ್ಲ ಎಂದೆ. ಕಾಗದ ನೋಡದೆ ಹೇಳಿದೆ. ಬೀರು, ಎರಡು ಬೀಗ, ತಮ್ಮ, ಎಲ್ಲವನ್ನೂ. ಮುಗಿಯುವುದಕ್ಕೂ ಅಧ್ಯಕ್ಷರು ಧನ್ಯವಾದ, ನಿಮ್ಮ ಸಮಯ ಆಯಿತು ಎನ್ನುವುದಕ್ಕೂ ಸರಿಹೋಯಿತು.

"ಆಗಲಿಲ್ಲ ಸರ್," ಎಂದೆ. "ಆ ಎರಡು ನಿಮಿಷ ಅವರದು. ಇದು ಹಿಂದಿನ ಸಲವೇ ನಿಮ್ಮ ಮುಂದೆ ಬರಬೇಕಿತ್ತು. ಕಳಿಸದೆ ಇಟ್ಟುಕೊಂಡವನು ನಾನು. ನಿಮ್ಮಲ್ಲಿ ಒಬ್ಬರು, ಮೊದಲೇ ಓದಿದ್ದರೆ ಒಂದು ಪ್ರಶ್ನೆ ಕೇಳುತ್ತಿದ್ದೆ ಎಂದು ಅವರಿಗೆ ಬರೆದಿದ್ದಾರೆ. ಆ ಪ್ರಶ್ನೆಯನ್ನು ಅವರು ಕೇಳುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ಯಾರೋ ನಕ್ಕರು. ಅಧ್ಯಕ್ಷರು ಎಡಬಲ ನೋಡಿದರು. ನೀಲಿ ಫೈಲು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆ ಪತ್ರ ನನಗೆ ನೆನಪಿದೆ," ಎಂದರು. "ನಾನು ಕೇಳಬೇಕಿದ್ದದ್ದು ಇದು. ರೋಗಿ ನೋವಿನಿಂದ ಕೂಗುತ್ತಿರುವಾಗ ಆ ಎರಡು ಬೀಗ ತೆಗೆಯಲು ಅವರಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದು, ಅಷ್ಟು ಸಂಜೆ ಒಂದೇ ಮೇಜಿಗೆ ಕುಳಿತು, ಒಮ್ಮೆಯೂ ಕೇಳಿರಲಿಲ್ಲ. ಗೊತ್ತಿದ್ದವರನ್ನು ನಾನೇ ಇವರ ಮುಂದೆ ಬರದಂತೆ ಮಾಡಿದ್ದೆ.

"ನನಗೆ ಗೊತ್ತಿಲ್ಲ ಸರ್. ಗೊತ್ತು ಮಾಡಿಕೊಂಡು ಬರುತ್ತೇನೆ."

ಕಡತ ನಾಳೆ ಮಧ್ಯಾಹ್ನದವರೆಗೆ ತೆರೆದಿರುತ್ತದೆ, ಬರೆದು ಕಳಿಸಿ ಎಂದರು ಅಧ್ಯಕ್ಷರು. ಮತ ಮುಂದಿನ ವಾರ.

ನಾನು ಚಪ್ಪಲಿ ಹಾಕಿಕೊಂಡು ಸೀದಾ ಆಸ್ಪತ್ರೆಗೆ ಹೋದೆ. ಸಿಸ್ಟರಿನ ನಂತರ ಆ ಬೀಗದ ಕೈ ಹಿಡಿದವರು ಒಬ್ಬ ಮಲಯಾಳಿ ನರ್ಸ್, ಒಂಬತ್ತು ವರ್ಷ ಅವರ ಕೈಕೆಳಗೆ ಇದ್ದವರು. ವಾರ್ಡಿನ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ನನ್ನ ಪ್ರಶ್ನೆ ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು.

"ಎಷ್ಟು ಹೊತ್ತಾ? ಅಂಕಲ್, ಬೀಗ ತೆಗೆದು, ಇಬ್ಬರೂ ಸಹಿ ಹಾಕಿ, ಸಿಸ್ಟರ್ ಆಂಪೂಲ್ ಒಡೆದು ನಿಂತಿರುವಾಗ ಡಾಕ್ಟರು ಇನ್ನೂ ಎರಡನೇ ಗ್ಲೌಸ್ ಹಾಕಿಕೊಳ್ತಾ ಇರ್ತಿದ್ದರು. ಬೀಗದಿಂದ ಯಾರಿಗೂ ತಡ ಆಗಲಿಲ್ಲ. ಬೀಗದ ಕೈ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಮಾತ್ರ ತಡ."

ಮನೆಗೆ ಬಂದು ಅದನ್ನು ಒಂದು ಮಾತೂ ಬದಲಿಸದೆ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಕೆಳಗೆ ನನ್ನ ಹೆಸರು, ಫ್ಲ್ಯಾಟು, ಕಟ್ಟಡ, ರಸ್ತೆ, ಬ್ಲಾಕು, ಗುಫೂಲ್, ಬಹರೈನ್. ಹೆಂಡತಿ ಹಿಂದೆ ನಿಂತು ಓದುತ್ತಿದ್ದಳು.

"ಫೋನ್ ನಂಬರೂ ಹಾಕಿ," ಎಂದಳು. "ಇನ್ನೂ ಎಂತಾದರೂ ಕೇಳ್ಲಿಕ್ಕೆ ಇದ್ದರೆ ಕೇಳ್ಲಿ."

ಹಾಕಿದೆ.